ಬಾಣ್ಯಾನ ತಂತಿಬೇಲಿ

ಪ್ರಯೋಗಾಲಯದಲ್ಲಿ ಇಂಡಕ್ಷನ್ ಕಾಯಿಲ್ ಚಾಲೂ ಮಾಡಿದರೆ ಕಿಡಿಯ ಜೊತೆಗೆ ಒಂದು ವಾಸನೆ ಹುಟ್ಟುತ್ತದೆ. ಸುಟ್ಟ ವಾಸನೆಯಲ್ಲ. ಗುಡುಗು ಮಳೆಗೆ ಮುಂಚೆ ಗಾಳಿಯಲ್ಲಿ ಬರುವಂಥದು, ಮೂಗಿನ ತುದಿಗೆ ಚುರ್ ಎನ್ನುವಂಥದು. ಮೊನ್ನೆ ಬಿ.ಎಸ್ಸಿ. ಹುಡುಗಿಯರಿಗೆ ಅದನ್ನು ತೋರಿಸುತ್ತಿದ್ದೆ. ಕಿಡಿ ಟಿಕ್ ಟಿಕ್ ಎಂದು ಹಾರತೊಡಗಿದಾಗ ನನ್ನ ಬಲಗೈ ತನ್ನಷ್ಟಕ್ಕೆ ತಾನೇ ಬೆನ್ನ ಹಿಂದೆ ಹೋಯಿತು.

"ಮೇಡಂ, ನಿಮಗೂ ಅಂಜಿಕಿ ಬರ್ತೈತೇನ್ರಿ?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

"ಇಲ್ಲ," ಎಂದು ಪಾಠ ಮುಂದುವರಿಸಿದೆ. ಪೂರ್ತಿ ಉತ್ತರ ಕೊಡಬೇಕೆಂದರೆ ಕುಂದಗೋಳ ಸೀಮೆಯ ಒಂದು ಇಡೀ ಬೇಸಿಗೆಯನ್ನು ಹೇಳಬೇಕಾಗುತ್ತಿತ್ತು. ಅದು ಒಂದು ಪಿರಿಯಡ್ಡಿನಲ್ಲಿ ಮುಗಿಯುವ ಮಾತಲ್ಲ.

ಎಂ.ಎಸ್ಸಿ. ಮುಗಿಸಿ, ಅಲ್ಲಲ್ಲಿ ಅರ್ಜಿ ಹಾಕಿ, ಕೆಲಸದ ಕರೆಗಾಗಿ ಕಾಯುತ್ತ ನಾನು ಮನೆಯಲ್ಲಿದ್ದ ವರ್ಷ ಅದು. ನಮ್ಮ ಮನೆ ಊರೊಳಗಿಲ್ಲ. ಕುಬಿಹಾಳದ ಕಡೆ ಹೋಗುವ ಬಂಡಿದಾರಿಯ ಮಗ್ಗುಲಿಗೆ, ನಮ್ಮ ಹೊಲದಲ್ಲೇ ಇದೆ. ಸುತ್ತ ಎರೆಭೂಮಿ; ಕಣ್ಣು ಹರಿಯುವಷ್ಟು ದೂರ ಒಂದು ದಿಣ್ಣೆಯಿಲ್ಲ. ಮನೆ, ದನದ ಕೊಟ್ಟಿಗೆ, ಬಾವಿ, ಬಾವಿಯ ಪಕ್ಕ ಪಂಪಿನ ಕೋಣೆ, ಒಂದು ಬೇವಿನ ಮರ, ಒಂದು ಹುಣಸೆಮರ. ಮನೆಯಲ್ಲಿ ಅಪ್ಪ, ಅವ್ವ, ನಾನು. ಅಪ್ಪನ ತಮ್ಮ, ನಮ್ಮ ಕಾಕಾ, ಊರಲ್ಲಿದ್ದ. ದಿನಾ ಮುಂಜಾನೆ ಸೈಕಲ್ ತುಳಿದುಕೊಂಡು ಹೊಲಕ್ಕೆ ಬರುತ್ತಿದ್ದ.

ಮತ್ತೆ ಬಾಣ್ಯಾ. ಮುಧೋಳ ನಾಯಿ. ಹುಬ್ಬಳ್ಳಿಯ ನನ್ನ ಸೋದರಮಾವ ಆ ಕಡೆಯಿಂದ ಮರಿಯಿದ್ದಾಗ ತಂದುಕೊಟ್ಟದ್ದು. ಉದ್ದ ಮೂತಿ, ಒಳಗೆ ಸೇದಿಕೊಂಡ ಹೊಟ್ಟೆ, ಕಡ್ಡಿಯಂಥ ಕಾಲು. ಸುಮ್ಮನೆ ನಿಂತಾಗ ಉಪವಾಸ ಬಿದ್ದವನಂತೆ ಕಾಣುತ್ತಿದ್ದ. ಓಡಿದಾಗ ಮಾತ್ರ ಆ ಹೆಸರು ಯಾಕೆ ಎಂಬುದು ತಿಳಿಯುತ್ತಿತ್ತು. ಅಪ್ಪ ಅವನನ್ನು ಎಂದೂ ಮುಟ್ಟಿದವನಲ್ಲ. ಮುಂಜಾನೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ನಾಯಿ ಕಟ್ಟೆ ಹತ್ತಿದರೆ "ಹಚಾ" ಅನ್ನುವುದು. ಅವರಿಬ್ಬರ ಮಾತುಕತೆ ಅಷ್ಟೇ.

ಬಿಳಿಜೋಳದ ರಾಶಿ ಮುಗಿದ ಮೇಲೆ ನಮ್ಮ ಕಡೆ ಹೊಲದಲ್ಲಿ ಕುರಿ ಕೂಡ್ರಿಸುತ್ತಾರೆ. ಕುರುಬರು ತಮ್ಮ ಹಿಂಡನ್ನು ರಾತ್ರಿ ನಮ್ಮ ಹೊಲದಲ್ಲಿ ತರುಬುತ್ತಾರೆ. ಹಿಕ್ಕೆ, ಉಚ್ಚೆ ನೆಲಕ್ಕೆ ಗೊಬ್ಬರ. ಅದಕ್ಕೆ ನಾವು ಜೋಳ ಕೊಡುತ್ತೇವೆ, ಬಾವಿಯ ನೀರು ಕೊಡುತ್ತೇವೆ. ಆ ವರ್ಷ ಬಂದವರು ಬೀರಪ್ಪ ಮತ್ತು ಅವನ ಹೆಂಡತಿ ಮಾಳವ್ವ. ಹಿಂದೆಯೂ ಬಂದವರೇ. ಆದರೆ ಆಗ ಬಾಣ್ಯಾ ಇನ್ನೂ ಮರಿ.

ಒಂದು ಇಳಿಹೊತ್ತು ಬಾಣ್ಯಾ ಹಿಂಡಿನ ಮೇಲೆ ಬಿದ್ದ. ಅದು ಬೇಟೆಯೋ ಆಟವೋ ಅವನಿಗೂ ಗೊತ್ತಿರಲಿಕ್ಕಿಲ್ಲ. ಹಲ್ಲು ಊರಲಿಲ್ಲ. ಒಂದು ಗಬ್ಬದ ಕುರಿಯನ್ನು ಹಿಂಡಿನಿಂದ ಬೇರೆ ಮಾಡಿ ಓಡಿಸಿದ. ಅದು ಬಿದ್ದು ಮತ್ತೆ ಏಳದಷ್ಟು ಓಡಿಸಿದ. ಬೀರಪ್ಪ ಸತ್ತ ಕುರಿಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಅಂಗಳದಲ್ಲಿ ಮಲಗಿಸಿದ.

"ಬೆಲಿ ಎಷ್ಟರೆ ಆಗಲಿ, ಕೊಡ್ತೀನಿ," ಎಂದ ಅಪ್ಪ.

"ರೊಕ್ಕ ಬ್ಯಾಡ್ರಿ ಗೌಡ್ರ. ಮಾತು ಕೊಡ್ರಿ."

ಬೀರಪ್ಪ ಸೊಂಟದ ಚೀಲ ಬಿಚ್ಚಿ ಭಂಡಾರ ತೆಗೆದು ಅಪ್ಪನ ಅಂಗೈಗೆ ಸುರಿದ. ಅವರ ದೇವರ ಅರಿಸಿನಪುಡಿ ಅದು. ಅದನ್ನು ಹಿಡಿದು ಆಡಿದ ಮಾತು ತಪ್ಪಿದರೆ ಮನೆತನಕ್ಕೆ ತಟ್ಟುತ್ತದೆ ಎಂಬುದನ್ನು ನಮ್ಮ ಸೀಮೆಯಲ್ಲಿ ಯಾವ ಜಾತಿಯವರಿಗೂ ಹೇಳಿಕೊಡಬೇಕಾಗಿಲ್ಲ.

"ನಾಯಿ ನಿಮ್ಮ ಮನಿ ಸುತ್ತಿನಾಗ ಇರಬೇಕು. ಮಳಿ ಬಿದ್ದು ನಾವು ಹೋಗೂತನಾ ಅದರಾಚೆ ಹೆಜ್ಜಿ ಇಟ್ರ ನಾ ಹೊಡೀತೀನಿ. ಆವಾಗ ನೀವು ಯಾಕ ಅಂತ ಕೇಳಬಾರ್ದು."

ಅಪ್ಪ ಒಂದು ಗಳಿಗೆ ನನ್ನತ್ತ ನೋಡಿದ. ಆಮೇಲೆ, "ಕೇಳಂಗಿಲ್ಲ," ಎಂದು ಮುಷ್ಟಿ ಮುಚ್ಚಿದ.

ಅಂಗೈಯ ಆ ಹಳದಿ ಹೋಗಲು ಬಹಳ ದಿನ ಹಿಡಿಯಿತು.

ಮೊದಲು ಸರಪಳಿ ಹಾಕಿದೆವು. ಜಗ್ಗಿ ಜಗ್ಗಿ ಕೊರಳು ಹಸಿ ಗಾಯವಾಯಿತು. ರೊಟ್ಟಿ ಮೂಸಿ ನೋಡಿ ಮುಖ ತಿರುಗಿಸಿದ. ಕೊಟ್ಟಿಗೆಯಲ್ಲಿ ಕೂಡಿಹಾಕಿದರೆ ಬಾಗಿಲು ಕೆರೆದು ಉಗುರಿನಲ್ಲಿ ರಕ್ತ. ಜಾಲಿಮುಳ್ಳು ತಂದು ಸುತ್ತಲೂ ಒಟ್ಟಿದೆವು. ಅದನ್ನು ಅವನು ಮುಳ್ಳೆಂದು ತಿಳಿದಂತೆ ಕಾಣಲಿಲ್ಲ. ಅಂಗಳದ ಆ ತುದಿಯಿಂದ ಓಡಿ ಬಂದು ಮೇಲಿಂದ ಹಾದುಹೋದ. ಆ ಕಡೆ ನಾನೇ ನಿಂತಿದ್ದೆ, ಅಡ್ಡಬಿದ್ದು ಕೊರಳಪಟ್ಟಿ ಹಿಡಿದೆ. ದೂರದಲ್ಲಿ ಬೀರಪ್ಪ ಕೋಲಿನ ಮೇಲೆ ಗದ್ದವೂರಿ ನೋಡುತ್ತಿದ್ದ.

ಅವತ್ತು ಊಟದ ಹೊತ್ತಿಗೆ ಕಾಕಾ ಮಾತು ತೆಗೆದ.

"ಕರೆಂಟ್ ಕೊಡೂಣು. ಪಂಪಿನ ಖೋಲ್ಯಾಗಿಂದ ಒಂದು ವಾಯರ್ ಎಳದ್ರ ಮುಗೀತು. ಶೇಂಗಾಕ್ಕ ಹಂದಿ ಬರ್ತಾವಂತ ಹೋದ ವರ್ಷ ನಾ ಹಂಗ ಮಾಡಿದ್ದೆ. ಒಂದು ಹಂದಿ ಬಂತು. ಎರಡ್ನೇದು ಬರಲಿಲ್ಲ."

"ಮೊದಲನೇದು ಏನಾತು ಕಾಕಾ?"

"ಏನಾಗ್ತೈತಿ? ಅಲ್ಲೇ ಬಿತ್ತು."

"ಬಾಣ್ಯಾನೂ ಅಲ್ಲೇ ಬೀಳ್ತಾನ."

"ಬಿದ್ರ ಬೀರಪ್ಪಗ ಒಂದು ಕೆಲಸ ಕಡಿಮಿ ಆತು," ಎಂದು ನಕ್ಕ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ನಗು ಅಲ್ಲಿಗೆ ನಿಂತಿತು.

ಅಪ್ಪ ತಾಟಿನಿಂದ ತಲೆಯೆತ್ತದೆ, "ನೀ ಓದೀಯಲಾ, ನೀ ಏನಂತಿ?" ಎಂದು ನನ್ನನ್ನು ಕೇಳಿದ. ಮನೆಯಲ್ಲಿ ನನ್ನ ಓದಿಗೆ ಯಾರೋ ಕೆಲಸ ಹಚ್ಚಿದ್ದು ಅದೇ ಮೊದಲು.

ಇನ್ನೊಂದು ನಮೂನೆ ಇದೆ ಎಂದೆ. ಬ್ಯಾಟರಿಯ ಮೇಲೆ ನಡೆಯುವ ಒಂದು ಡಬ್ಬಿ. ತಂತಿಯೊಳಗೆ ಸತತವಾಗಿ ಕರೆಂಟ್ ಬಿಡುವುದಿಲ್ಲ. ರೆಪ್ಪೆ ಬಡಿಯುವುದಕ್ಕಿಂತ ಚಿಕ್ಕದಾಗಿ ಒಂದು ಹೊಡೆತ, ಆಮೇಲೆ ಬಿಡುವು, ಮತ್ತೆ ಒಂದು ಹೊಡೆತ. ಹೊಡೆತದ ಜೋರು ಹೆಚ್ಚು, ಅದರಲ್ಲಿರುವ ಕರೆಂಟ್ ಕಡಿಮೆ. ಮುಟ್ಟಿದವರು ಕೈ ಬಿಡಿಸಿಕೊಳ್ಳಬಹುದು. ನೋವಾಗುತ್ತದೆ, ಜೀವ ಹೋಗುವುದಿಲ್ಲ.

"ಅಂದ್ರ ಚಿವುಟಿ ಚಿವುಟಿ ಬುದ್ಧಿ ಹೇಳೂದು," ಎಂದ ಕಾಕಾ. "ಅಗದಿ ಮಾಸ್ತರಬಾಯಿ ಡಬ್ಬಿ ಬಿಡು ಇದು."

ಹುಬ್ಬಳ್ಳಿಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಸೋದರಮಾವ ಅಂಥದೊಂದನ್ನು ಹುಡುಕಿ ತಂದ. ಯಾರೋ ದನದ ಫಾರ್ಮು ಮುಚ್ಚಿದವರು ಮಾರಿದ್ದಂತೆ. ತಗಡಿನ ಡಬ್ಬಿ, ಕೆಂಪು ಬಣ್ಣ ಅಲ್ಲಲ್ಲಿ ಕೆತ್ತಿಹೋಗಿತ್ತು. ಟ್ರ್ಯಾಕ್ಟರಿನ ಬ್ಯಾಟರಿಗೆ ಹಚ್ಚಿದಾಗ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನತೊಡಗಿತು. ಜಾಲಿಗೂಟ ನೆಟ್ಟು, ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಅದರ ಮೇಲೆ ಮೊಣಕಾಲೆತ್ತರಕ್ಕೆ ಒಂದು ತಂತಿ ಎಳೆದೆವು. ಮನೆ, ಬಾವಿ, ಕೊಟ್ಟಿಗೆ ಎಲ್ಲ ಒಳಗೆ. ಇನ್ನೊಂದು ತಂತಿ ಡಬ್ಬಿಯಿಂದ ನೆಲದಲ್ಲಿ ಹೂತ ಕಬ್ಬಿಣದ ಸಲಾಕೆಗೆ. ಮಂದಿ ಹೋಗಿಬರಲು ಒಂದು ಕಡೆ ಕಟ್ಟಿಗೆಯ ಹಿಡಿಕೆಯಿರುವ ಕೊಂಡಿ ಮಾಡಿದೆ. ಹಿಡಿಕೆ ಹಿಡಿದು ಕೊಂಡಿ ತೆಗೆಯಬೇಕು, ದಾಟಬೇಕು, ಮತ್ತೆ ಹಾಕಬೇಕು.

"ಇದರಿಂದ ಜೀವ ಹೋಗಂಗಿಲ್ಲ ಅಂತಿ?" ಎಂದ ಅಪ್ಪ.

"ಹೋಗಂಗಿಲ್ಲ."

"ಖರೇ?"

ನಾನು ಚಪ್ಪಲಿ ಬಿಟ್ಟು ಹೋಗಿ ಬಲಗೈಯಿಂದ ತಂತಿ ಹಿಡಿದೆ. ಮುಂಚೆ ಏನೂ ಇರಲಿಲ್ಲ. ಆಮೇಲೆ ಮೊಣಕೈಯೊಳಗೆ ಯಾರೋ ಕೊಡಲಿಯ ಹಿಂಬದಿಯಿಂದ ಹೊಡೆದಂತಾಯಿತು. ಹಲ್ಲು ಕಟಕ್ ಎಂದವು. ಕೈ ನನ್ನನ್ನು ಕೇಳದೆ ಬಿಡಿಸಿಕೊಂಡು ಬೆನ್ನ ಹಿಂದೆ ಹೋಯಿತು. ಕೂಗಬಾರದು ಎಂದು ಮೊದಲೇ ನಿರ್ಧರಿಸಿದ್ದರಿಂದ ಕೂಗಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ತಾನೂ ಚಪ್ಪಲಿ ಬಿಟ್ಟ, ಹೋಗಿ ತಂತಿ ಮುಟ್ಟಿದ. ಅವನ ಹೆಗಲು ಒಮ್ಮೆ ಜಿಗಿಯಿತು.

"ಹೂಂ," ಎಂದ. "ಇದ ಇರಲಿ."

"ತಂದಿಗೂ ಮಗಳಿಗೂ ಒಂದ ತಲಿ," ಎಂದು ಅವ್ವ ಒಳಗೆ ಹೋದಳು.

ಬಾಣ್ಯಾ ಮೊದಲ ದಿನವೇ ಮೂಗು ತಾಗಿಸಿದ. ಅವನು ಕಿರುಚಿದ ಸದ್ದಿಗೆ ದೂರದ ಹಟ್ಟಿಯ ನಾಯಿಗಳೆಲ್ಲ ಬೊಗಳಿದವು. ಓಡಿ ಬಂದು ಹೊರಸಿನ ಕೆಳಗೆ ಸೇರಿದವನು ಸಂಜೆಯ ತನಕ ಹೊರಗೆ ಬರಲಿಲ್ಲ. ಆಮೇಲೆ ಡಬ್ಬಿಯ ಸದ್ದಿಗೂ ಆ ನೋವಿಗೂ ಏನೋ ಸಂಬಂಧ ಇದೆ ಎಂದು ಅವನೇ ಕಂಡುಕೊಂಡ. ತಂತಿಯ ಕಡೆ ಹೋಗುವ ಮುಂಚೆ ಕಿವಿ ಎತ್ತಿ ನಿಲ್ಲುತ್ತಿದ್ದ. ಟಿಕ್ ಎಂದರೆ, ಹಾರುವುದನ್ನೂ ಮರೆತು, ತಿರುಗಿ ಬರುತ್ತಿದ್ದ.

ಬೀರಪ್ಪ ನೋಡಲು ಬಂದ. "ಇಷ್ಟು ಸಣ್ಣ ಎಳಿಗೆ ಅಂಜತೈತೇನ್ರಿ ಅದು?" ಎಂದು ಕೋಲಿನಿಂದ ತಂತಿ ತಿವಿದ. ಏನೂ ಆಗಲಿಲ್ಲ. ಬೆರಳಿನಿಂದ ತಿವಿದ. ಬೆರಳು ಬಾಯಿಗೆ ಹೋಯಿತು. ಸ್ವಲ್ಪ ಹೊತ್ತು ಚೀಪಿ, "ಆಗಲಿ ಗೌಡ್ರ. ನಿಮ್ಮ ಮಾತಿಗೆ ಹಲ್ಲು ಬಂದಾವು," ಎಂದು ಹೋದ.

ಮಾಳವ್ವ ನೀರಿಗೆ ದಿನಾ ಬರುತ್ತಿದ್ದಳು. ಅವ್ವನಿಗಿಂತ ಸ್ವಲ್ಪ ಚಿಕ್ಕವಳು. ಆದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದಳು. ಕೊಡ ತುಂಬಿಸಿ ಬಾವಿಕಟ್ಟೆಯ ಮೇಲೆ ಕೂತು, ನಾನು ತಂತಿ ಸುತ್ತ ಹುಲ್ಲು ಕೀಳುವುದನ್ನು ನೋಡುತ್ತಿದ್ದಳು.

"ಅಕ್ಕಾರ, ಇಷ್ಟೆಲ್ಲಾ ಓದಿದ್ದು ನಾಯಿ ಕಾಯಾಕೇನ್ರಿ?"

"ಸದ್ಯಕ್ಕ ಹೌದು."

"ನಾ ಓದದ ಕಾಯತೀನಿ ನೋಡ್ರಿ," ಎಂದು ಸೆರಗು ಬಾಯಿಗೆ ಹಚ್ಚಿ ನಕ್ಕಳು.

ಬಿಸಿಲು ಏರಿತು. ಎರೆಮಣ್ಣು ಹಸಿಯಿದ್ದಾಗ ಕಾಲು ಬಿಡುವುದಿಲ್ಲ, ಒಣಗಿದಾಗ ಕಾಲು ನುಂಗುತ್ತದೆ. ಹೊಲದಲ್ಲಿ ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ಬೆರಳು ಹೋಗುವಷ್ಟು, ಆಮೇಲೆ ಕೈ ಹೋಗುವಷ್ಟು. ನಾನು ದಿನಾ ಮುಂಜಾನೆ ತಂತಿ ಮುಟ್ಟಿ ನೋಡುತ್ತಿದ್ದೆ. ಹೊಡೆತ ಮೊದಲು ಹೆಗಲ ತನಕ ಬರುತ್ತಿತ್ತು. ಕೆಲವು ದಿನದ ಮೇಲೆ ಮೊಣಕೈಗೆ ಇಳಿಯಿತು. ಕೊನೆಗೆ ಬೆರಳ ತುದಿಯಲ್ಲಿ ಇರುವೆ ಕಚ್ಚಿದಷ್ಟು. ಮುಟ್ಟಿದವನ ಮೈಯಿಂದ ಕರೆಂಟ್ ನೆಲಕ್ಕಿಳಿದು, ನೆಲದೊಳಗಿಂದ ಡಬ್ಬಿಗೆ ಮರಳಿದರೆ ಮಾತ್ರ ಹೊಡೆತ ಪೂರ್ತಿ. ಇಷ್ಟು ಒಣಗಿ ಬಾಯಿಬಿಟ್ಟ ನೆಲದಲ್ಲಿ ಅದಕ್ಕೆ ಹಾದಿಯೇ ಇರಲಿಲ್ಲ. ಸಲಾಕೆಯ ಬುಡಕ್ಕೆ, ಗೂಟಗಳ ಬುಡಕ್ಕೆ ನೀರು ಹೊತ್ತು ಹಾಕಿದೆ. ನೆಲ ಕುಡಿದು ಸುಮ್ಮನಾಯಿತು.

ಉಪಾಯ ಗೊತ್ತಿತ್ತು. ಕೆಳಗೊಂದು ಎರಡನೆಯ ತಂತಿ ಎಳೆದು ಅದನ್ನು ಸಲಾಕೆಗೆ ಕಟ್ಟಬೇಕು. ನಾಯಿ ನುಸುಳಲು ಹೋದರೆ ಎರಡೂ ತಾಗುತ್ತವೆ, ನೆಲದ ಹಂಗು ಬೇಕಾಗುವುದಿಲ್ಲ. ಆದರೆ ತಂತಿ ಮುಗಿದಿತ್ತು. ಕಳಿಸುತ್ತೇನೆ ಎಂದಿದ್ದ ಸೋದರಮಾವನ ಕಡೆಯಿಂದ ಇನ್ನೂ ಬಂದಿರಲಿಲ್ಲ. ಅಷ್ಟರಲ್ಲಿ ಬೇಲಿಯ ಗುಟ್ಟು ಎಲ್ಲರಿಗೂ ತಿಳಿಯಿತು. ಮಾಳವ್ವ ಹಿಡಿಕೆಯ ಗೋಜಿಗೆ ಹೋಗುವುದನ್ನು ಬಿಟ್ಟಳು. ಅಂಗೈಯಿಂದ ತಂತಿ ಒತ್ತಿ ಹಿಡಿದು ಆಚೆ ಕಾಲು ಹಾಕಿ ಬರುತ್ತಿದ್ದಳು. ಬ್ಯಾಡ ಎಂದರೆ, "ನಿಮ್ಮ ಡಬ್ಬಿಗೂ ಬ್ಯಾಸಿಗಿ ಹತ್ತೇತ್ರಿ," ಅನ್ನುತ್ತಿದ್ದಳು.

ಬಾಣ್ಯಾ ತಂತಿಯ ಹತ್ತಿರ ಮಲಗತೊಡಗಿದ. ದಿನಕ್ಕೊಂದಿಷ್ಟು ಹತ್ತಿರ.

ಒಂದು ಮಧ್ಯಾಹ್ನ ನೋಡುತ್ತೇನೆ, ಅವನು ಮಲಗುವ ಜಾಗ ಬರಿದು. ಕೊಟ್ಟಿಗೆ ನೋಡಿದೆ, ಹೊರಸಿನ ಕೆಳಗೆ ನೋಡಿದೆ. ಹೆಸರು ಹಿಡಿದು ಕೂಗುವಂತಿರಲಿಲ್ಲ. ಕೂಗಿದರೆ ಅವನು ಇಲ್ಲವೆಂದು ಬೀರಪ್ಪನಿಗೆ ನಾನೇ ಹೇಳಿದಂತೆ. ಬಾವಿಯ ಹತ್ತಿರ ನಿಂತು ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಾಗ ಹೊಲದ ಒಡ್ಡಿನ ಮರೆಯಿಂದ ಮಾಳವ್ವ ಬರುವುದು ಕಂಡಿತು. ಪಕ್ಕದಲ್ಲಿ ಬಾಣ್ಯಾ, ಕೊರಳಿಗೆ ಉಣ್ಣೆಯ ಹಗ್ಗ.

"ಹಿಂಡಿನ ತನಕ ಬಂದಿದ್ದ," ಎಂದಳು ಮೆಲ್ಲಗೆ. "ನಮ್ಮಾಂವ ನೆಳ್ಳಿಗೆ ಮಲಗ್ಯಾನ. ಯಾರ ಮುಂದೂ ಆಡಬ್ಯಾಡ್ರಿ. ಭಂಡಾರದ ಮಾತು ಐತಿ." ಹಗ್ಗ ಬಿಚ್ಚಿಕೊಂಡು, ನೀರು ಕೂಡ ಕೇಳದೆ ಹೋದಳು.

ನಾನು ಆಡಲಿಲ್ಲ. ಆದರೆ ಬೇವಿನ ಮರದ ಕೆಳಗೆ ಕಣ್ಣು ಮುಚ್ಚಿಕೊಂಡಿದ್ದ ಕಾಕಾ ಮಲಗಿರಲಿಲ್ಲ.

ಎರಡು ದಿನದ ಮೇಲೆ ಅಪ್ಪ ಬ್ಯಾಟರಿ ಚಾರ್ಜ್ ಮಾಡಿಸಲು ಕುಂದಗೋಳಕ್ಕೆ ಒಯ್ದ. ಅಂಥ ದಿನ ಬಾಣ್ಯಾನನ್ನು ಕಟ್ಟಿಹಾಕುತ್ತಿದ್ದೆವು, ಡಬ್ಬಿಗೆ ಸದ್ದಿಲ್ಲ. ನಾನು ಒಳಗೆ ಓದುತ್ತಿದ್ದೆ. ಕರೆಂಟ್ ಮುಂಜಾನೆಯಿಂದಲೇ ಇರಲಿಲ್ಲ, ಪಂಪಿನ ಲೈನಿಗೆ ಇಳಿಹೊತ್ತಿಗೆ ಬರುವುದಿತ್ತು. ಕಿಟಕಿಯಿಂದ ನೋಡಿದಾಗ ಮಾಳವ್ವ ಎಂದಿನಂತೆ ತಂತಿ ಒತ್ತಿ ದಾಟಿ ಬಾವಿಗೆ ಹೋದಳು. ತಂತಿ ಮೇಲೆದ್ದು ಅಲುಗಾಡಿತು. ಅಲುಗಾಟದ ಜೊತೆ ನನ್ನ ಕಣ್ಣು ಸರಿಯುತ್ತ ಹೋಗಿ ಮೂಲೆಯ ಗೂಟದ ಹತ್ತಿರ ನಿಂತಿತು. ಅಲ್ಲಿ ಒಂದು ಕಪ್ಪು ವಾಯರ್ ಬಂದು ಕೂಡಿಕೊಂಡಿತ್ತು. ಅದನ್ನು ನಾನು ಕಟ್ಟಿರಲಿಲ್ಲ.

ವಾಯರ್ ನೆಲದ ಮೇಲೆ ಹರಿದು ಪಂಪಿನ ಕೋಣೆಯ ಕಿಂಡಿಯೊಳಗೆ ಹೋಗಿತ್ತು.

"ಅವ್ವಾ, ಕಾಕಾ ಏನರ ಹೇಳ್ಯಾನೇನು?"

"'ನಾಯಿ ಬಿಡ್ರಿ ವೈನಿ, ಇವತ್ತ ಬೇಲಿ ಗಟ್ಟಿ ಐತಿ' ಅಂದ. ಬಿಟ್ಟೀನಿ," ಎಂದಳು ಅವ್ವ.

ನಾನು ಹೊರಗೆ ಬಂದೆ. ಪಂಪಿನ ಕೋಣೆಗೆ ಕೀಲಿ ಹಾಕಿತ್ತು. ಕೀಲಿಕೈ ಕಾಕಾನ ಕಿಸೆಯಲ್ಲಿ, ಕಾಕಾ ಊರಲ್ಲಿ. ಬಾಣ್ಯಾ ಅಂಗಳದ ನಡುವೆ ಕಿವಿ ಎತ್ತಿ ನಿಂತಿದ್ದ. ಟಿಕ್ ಇಲ್ಲ. ಒಂದು ಹೆಜ್ಜೆ ತಂತಿಯ ಕಡೆ ಇಟ್ಟ, ಮತ್ತೆ ಕೇಳಿಸಿಕೊಂಡ, ಇನ್ನೊಂದು ಹೆಜ್ಜೆ. ಬಾವಿಯ ಕಡೆಯಿಂದ ಮಾಳವ್ವ ತಲೆಯ ಮೇಲೊಂದು ಸೊಂಟಕ್ಕೊಂದು ಕೊಡ ಹೊತ್ತು ಬರುತ್ತಿದ್ದಳು. ನೀರು ತುಳುಕಿ ಸೀರೆಯ ಅಂಚು ತೊಯ್ದಿತ್ತು, ಬರಿಗಾಲು ತೊಯ್ದಿದ್ದವು. ನಾನೇ ನೀರು ಹಾಕಿ ಹಾಕಿ ಹಸಿ ಮಾಡಿದ್ದ ಗೂಟದ ಬುಡಕ್ಕೇ ಅವಳ ದಾರಿ.

ನಾನು ಜೀವಮಾನದಲ್ಲಿ ಹಾಗೆ ಕೂಗಿದವಳಲ್ಲ. "ಮಾಳವ್ವಾ, ನಿಂದರು. ತಂತಿ ಮುಟ್ಟಬ್ಯಾಡ."

"ಇದು ಕಚ್ಚೂದು ಬಿಟ್ಟು ಎಷ್ಟು ದಿನಾತ್ರಿ ಅಕ್ಕಾರ," ಎಂದು ಅವಳು ನಡೆಯುತ್ತಲೇ ಹೇಳಿದಳು.

ವಾಯರಿಗೆ ಕೈ ಹಚ್ಚುವಂತಿರಲಿಲ್ಲ. ಕರೆಂಟ್ ಈಗ ಇಲ್ಲ, ಮರುಗಳಿಗೆ ಇರಬಹುದು. ಹುಣಸೆಮರಕ್ಕೆ ಕಾಯಿ ಬಡಿಯುವ ಬಿದಿರಿನ ಗಳ ಒರಗಿಸಿತ್ತು. ಅದನ್ನು ತೆಗೆದುಕೊಂಡು ಓಡಿದೆ. ತುದಿಯನ್ನು ಕಪ್ಪು ವಾಯರಿನ ಗಂಟಿಗೆ ಸಿಕ್ಕಿಸಿ ಜಗ್ಗಿದೆ. ಬರಲಿಲ್ಲ. ಕಾಕಾ ಗಟ್ಟಿಯಾಗಿ ಸುತ್ತಿದ್ದ. ಮಾಳವ್ವ ಸೊಂಟದ ಕೊಡ ಸರಿಮಾಡಿಕೊಂಡು ಕೈ ಚಾಚಿದಳು. ಗಳವನ್ನು ತಿರುವಿ, ಮೈಭಾರ ಎಲ್ಲ ಹಾಕಿ ಮತ್ತೆ ಜಗ್ಗಿದೆ. ಗಂಟು ಬಿಚ್ಚಿ ವಾಯರ್ ಹಾವಿನಂತೆ ಹಾರಿ ನೆಲಕ್ಕೆ ಬಿತ್ತು.

ಅಂಗೈ ತಂತಿಯ ಮೇಲೆ ಇಟ್ಟುಕೊಂಡೇ ಮಾಳವ್ವ ನನ್ನನ್ನು ನೋಡುತ್ತಿದ್ದಳು. ಈ ಹುಡುಗಿಗೆ ಏನಾಯಿತು ಎಂಬಂತೆ. ಅವಳ ಒಂದು ಕಾಲು ಆಚೆ ಹೋಗಿತ್ತು, ಇನ್ನೊಂದು ಈಚೆಯಿತ್ತು. ಆಗ ಪಂಪಿನ ಕೋಣೆಯ ಕಿಂಡಿಯಲ್ಲಿ ಬಲ್ಬು ಹತ್ತಿತು. ಹಸಿ ನೆಲದ ಮೇಲೆ ಬಿದ್ದ ವಾಯರಿನ ತುದಿಯಿಂದ ನೀಲಿ ಕಿಡಿ ಚಟಚಟ ಎಂದು ಸಿಡಿಯಿತು. ಹುಲ್ಲಿನ ಗರಿಯೊಂದು ಸುರುಟಿ ಕಪ್ಪಾಯಿತು. ಆ ವಾಸನೆ ಬಂತು.

ಮಾಳವ್ವ ಬಲ್ಬು ನೋಡಿದಳು. ಕಿಡಿ ನೋಡಿದಳು. ತನ್ನ ಅಂಗೈ ನೋಡಿಕೊಂಡಳು. ಸೊಂಟದ ಕೊಡ ಜಾರಿ ಬಿತ್ತು. ಆಚೆಯ ಕಾಲನ್ನು ಈಚೆ ಎಳೆದುಕೊಂಡು, ತಲೆಯ ಕೊಡ ಇಳಿಸಿ ಅವಳೂ ಅಲ್ಲೇ ಕೂತಳು. ಬಾಣ್ಯಾ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಬಿದ್ದುಕೊಂಡಿದ್ದ. ನಾನು ಗಳದಿಂದ ವಾಯರನ್ನು ತಳ್ಳಿ ಒಣ ಕಲ್ಲಿನ ಮೇಲೆ ಹಾಕಿದೆ. ಗಳ ಹಿಡಿದುಕೊಂಡೇ ವಾಯರಿಗೂ ಅವರಿಬ್ಬರಿಗೂ ನಡುವೆ ನಿಂತೆ.

ಕರೆಂಟ್ ಬಂತೆಂದು ಪಂಪು ಚಾಲೂ ಮಾಡಲು ಕಾಕಾ ಸೈಕಲ್ ತುಳಿದುಕೊಂಡು ಬಂದ. ಅಂಗಳದಲ್ಲಿ ನಮ್ಮನ್ನು ನೋಡಿ ಸೈಕಲ್ ಇಳಿದವನು ಅದಕ್ಕೆ ಸ್ಟ್ಯಾಂಡ್ ಹಾಕುವುದನ್ನೂ ಮರೆತ. "ನಾಯಿ ದಾಟಿದ್ದು ನಾ ನೋಡಿದ್ದೆ," ಎಂದ. "ಅಣ್ಣನ ಮಾತು ಹೋಗಬಾರ್ದು ಅಂತ..." ಅವನು ಸುಳ್ಳು ಹೇಳುತ್ತಿರಲಿಲ್ಲ. ಅಣ್ಣ ಕೊಟ್ಟ ಮಾತಿಗಾಗಿಯೇ ಅವನು ಹಾಗೆ ಮಾಡಿದ್ದ.

ಸಂಜೆ ಬಸ್ಸಿಗೆ ಅಪ್ಪ ಬಂದ. ಬ್ಯಾಟರಿ ಕೆಳಗಿಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡ. ಕಾಕಾನ ಮುಂದೆ ಕೈ ಚಾಚಿದ. ಕಾಕಾ ಪಂಪಿನ ಕೋಣೆಯ ಕೀಲಿಕೈ ಕೊಟ್ಟ. ಅಪ್ಪ ಅದನ್ನು ತನ್ನ ಉಡದಾರಕ್ಕೆ ಕಟ್ಟಿಕೊಂಡ. ಅಷ್ಟರಲ್ಲಿ ಬೀರಪ್ಪ ಬಂದ, ಹಿಂದೆ ಮಾಳವ್ವ.

"ಗೌಡ್ರ, ಒಂದು ನಾಯಿ ಉಳಸಾಕ ಹೋಗಿ ನನ್ನ ಹೇಣ್ತಿ ಸಾಯೂದಿತ್ತು."

"ಹೌದು," ಎಂದ ಅಪ್ಪ. ಬಾಣ್ಯಾನ ಕಡೆ ಕೈ ತೋರಿಸಿ, "ನಾಯಿ ಒಯ್ಯಿ. ಏನ್ ಮಾಡ್ತಿ ಮಾಡು. ನಾ ಕೇಳಂಗಿಲ್ಲ," ಎಂದ.

ಬಾಣ್ಯಾ ನನ್ನ ಕಾಲ ಹತ್ತಿರ ಕೂತು ತನ್ನ ಮುಂಗಾಲು ನೆಕ್ಕಿಕೊಳ್ಳುತ್ತಿದ್ದ. ಬೀರಪ್ಪನ ಕೈಯಲ್ಲಿ ಕೋಲಿತ್ತು. ನಾನು, "ಎರಡನೇ ತಂತಿ ಬರೂದೈತಿ ಬೀರಪ್ಪ, ಅದು ಬಂದ್ರ..." ಎಂದು ಸುರು ಮಾಡಿದೆ.

"ನೀವು ತಂತಿ ಹಚ್ಚತೀರಿ ಅಕ್ಕಾರ. ಮತ್ತ ಯಾರರ ಬಂದು ಕರೆಂಟ್ ಹಚ್ಚತಾರ."

ಹಿಂದಿನಿಂದ ಮಾಳವ್ವ ಮಾತಾಡಿದಳು.

"ಅದು ಆಗಲೇ ಒಮ್ಮೆ ದಾಟಿ ಬಂದಿತ್ತು."

ಬೀರಪ್ಪ ತಿರುಗಿದ. "ಯಾವಾಗ?"

"ನೀ ಗೊರಕಿ ಹೊಡಿಯಾಕ ಹತ್ತಿದ್ದಿ. ನಾನ ಕಟ್ಟಿಕೊಂಡು ಬಂದು ಇಲ್ಲಿ ಬಿಟ್ಟೆ. ಭಂಡಾರದ ಮಾತು ಮುರದಾಕಿ ನಾನು. ಹೊಡ್ಯಾಂವಿದ್ರ ನನ್ನಿಂದ ಸುರು ಮಾಡು."

ಕಾಕಾನ ಮೂಗಿನಿಂದ ನಗುವಿನಂಥದೊಂದು ಹೊರಟು ಅಲ್ಲೇ ಅಡಗಿತು. ಬೀರಪ್ಪ ಕೋಲನ್ನು ನೆಲಕ್ಕೆ ಊರಿದ.

"ಕುರಿ ಮುಟ್ತೇನು?"

"ಇಲ್ಲ. ನನ್ನ ಬುತ್ತಿಗಂಟು ಮೂಸ್ತು."

ಬೀರಪ್ಪ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ ಸೊಂಟದ ಚೀಲ ಬಿಚ್ಚಿದ. ಚಿಟಿಕೆ ಭಂಡಾರ ತೆಗೆದು ಕೆಂಪು ಡಬ್ಬಿಯ ತಲೆಯ ಮೇಲೆ ಇಟ್ಟ. "ಈ ಸಲ ಇದು ಮಾತು ಕೊಡಲಿ. ಮಳಿ ಬೀಳೂತನಾ," ಎಂದ. ಹೋಗುವಾಗ ಅಪ್ಪನ ಹತ್ತಿರ ನಿಂತು, "ಆ ಖೋಲಿ ಕೀಲಿ?" ಎಂದು ಕೇಳಿದ. ಅಪ್ಪ ಅಂಗಿ ಎತ್ತಿ ಉಡದಾರ ತೋರಿಸಿದ.

ತಂತಿ ಬರುವ ತನಕ ಬಾಣ್ಯಾನನ್ನು ಸರದಿಯ ಮೇಲೆ ಕಾದೆವು; ಮುಂಜಾನೆ ಅವ್ವ, ಮಧ್ಯಾಹ್ನ ನಾನು. ಇಳಿಹೊತ್ತಿಗೆ, ಯಾರೂ ಹೇಳದಿದ್ದರೂ, ಕಾಕಾ. ತಂತಿ ಬಂತು. ಎರಡನೆಯದನ್ನು ಕೆಳಗೆ ಎಳೆದು ಸಲಾಕೆಗೆ ಕಟ್ಟಿದೆ. ಕೈಯಿಂದ ಎರಡನ್ನೂ ಕೂಡಿಸಿ ಹಿಡಿದು ನೋಡಿದೆ. ಹೊಡೆತ ಮತ್ತೆ ಹೆಗಲಿಗೆ ಬಂತು. ಬಾಣ್ಯಾ ಆ ದಿನವೇ ನುಸುಳಲು ತಲೆ ಹಾಕಿದ. ಆ ಕೂಗನ್ನು ಬರೆಯಲು ನನಗೆ ಮನಸ್ಸಿಲ್ಲ. ಅಪ್ಪ ಎದ್ದು ಒಳಗೆ ಹೋದ. ಅದು ನಾನೇ ಆರಿಸಿದ ಬೇಲಿಯಾದ್ದರಿಂದ ನಾನು ಹೋಗಲಿಲ್ಲ, ನಿಂತು ನೋಡಿದೆ. ಅದರ ನಂತರ ಅವನು ತಂತಿಯ ಹತ್ತಿರ ಮಲಗುವುದನ್ನೂ ಬಿಟ್ಟ.

ರೋಹಿಣಿ ಮಳೆ ಒಂದು ಸಂಜೆ ಹೊಯ್ದು ಹೋಯಿತು. ಬಿರುಕುಗಳೆಲ್ಲ ನೀರು ಕುಡಿದು ತುಟಿ ಕೂಡಿಸಿದವು. ಬೀರಪ್ಪ ಹಿಂಡು ಹೊಡೆದುಕೊಂಡು ಹೊರಟ. ಹಿಂದಿನ ದಿನ ಈದ ಮರಿಯೊಂದನ್ನು ಹೆಗಲ ಮೇಲೆ ಹಾಕಿಕೊಂಡಿದ್ದ. ಮಾಳವ್ವ ತಂತಿಯ ಹತ್ತಿರ ಬಂದು, ಹಿಡಿಕೆ ಹಿಡಿದು, ಕೊಂಡಿ ತೆಗೆದು, ಒಳಗೆ ಬಂದು ಅವ್ವನಿಗೆ ಹೇಳಿ ಹೋದಳು. ಹೋಗುವಾಗ ಕೊಂಡಿ ಮತ್ತೆ ಹಾಕಿದಳು.

ಮಾತಿನ ಅವಧಿ ಮುಗಿದಿತ್ತು. ಬಾಣ್ಯಾ ಉಳಿದಿದ್ದ. ಗೂಟ ಕಿತ್ತೆವು, ತಂತಿ ಸುತ್ತಿಟ್ಟೆವು, ಡಬ್ಬಿ ಅಟ್ಟ ಸೇರಿತು. "ಹೋಗಲೇ ಬಾಣ್ಯಾ," ಎಂದು ಕಾಕಾ ಹೊಲದ ಕಡೆ ಕೈ ಬೀಸಿದ.

ಬಾಣ್ಯಾ ಓಡಿದ. ತಂತಿ ಇದ್ದ ಜಾಗದ ತನಕ ಓಡಿ, ಅಲ್ಲಿ ನಿಂತುಬಿಟ್ಟ. ನೆಲದಲ್ಲಿ ಗೂಟದ ತೂತುಗಳ ಹೊರತು ಏನೂ ಇರಲಿಲ್ಲ. ನಾನು ಆಚೆ ಹೋಗಿ ಕರೆದೆ. ಅತ್ತಿಂದಿತ್ತ ದಾಟಿ ತೋರಿಸಿದೆ. ರೊಟ್ಟಿ ಹಿಡಿದೆ. ಬಾಲ ಅಲ್ಲಾಡಿಸಿದ, ಕುಂಯ್‌ಗುಟ್ಟಿದ, ಹೆಜ್ಜೆ ಮಾತ್ರ ಇಡಲಿಲ್ಲ. ಕೊನೆಗೆ ಎರಡೂ ತೋಳಿನಲ್ಲಿ ಅವನನ್ನು ಎತ್ತಿಕೊಂಡೆ. ಅವನ ಮೈಯೆಲ್ಲ ನಡುಗುತ್ತಿತ್ತು. ಆಚೆ ಇಳಿಸಿದಾಗ ಒಂದು ಗಳಿಗೆ ತನ್ನ ಕಾಲನ್ನೇ ನೋಡಿಕೊಂಡ. ಆಮೇಲೆ ಓಡಿದ. ಹಸಿ ಎರೆಯ ಮೇಲೆ ಮಣ್ಣು ಹಾರಿಸುತ್ತ, ಒಡ್ಡು ಹಾರಿ, ಹಳ್ಳದ ಕಡೆ ಬಿಳಿ ಗೆರೆಯಾಗಿ ಹೋದ. ಅಷ್ಟು ತಿಂಗಳ ಮೇಲೆ ನನ್ನ ಎದೆ ಹಗುರಾಯಿತು.

ಸಂಜೆ ಅವನು ಬಂದ. ಗೂಟದ ತೂತುಗಳ ಆಚೆ ನಿಂತ. ಅವ್ವ ಕರೆದಳು, ನಾನು ಕರೆದೆ. ಮನೆಯೊಳಗೆ ದೀಪ ಹಚ್ಚಿದ್ದು ಅವನಿಗೆ ಕಾಣುತ್ತಿತ್ತು, ಬೇಯುವ ರೊಟ್ಟಿಯ ವಾಸನೆ ಬರುತ್ತಿದ್ದಿರಬೇಕು. ಕುಂಯ್‌ಗುಟ್ಟುತ್ತ ಆಚೆಯೇ ನಿಂತಿದ್ದ. ಹೊರಗೆ ಹೋಗಲು ಆಗದಂತೆ ಬೇಲಿ ಕಟ್ಟಿದ್ದೆ. ಒಳಗೆ ಬರಲೂ ಆಗದಂತೆ ಅದು ಕಟ್ಟಿಕೊಂಡಿತ್ತು. ಹೋಗಿ ಎತ್ತಿಕೊಂಡು ಬಂದೆ.

ಆ ಮಳೆಗಾಲದಲ್ಲಿ ಕೆಲಸದ ಕರೆ ಬಂತು. ಹೊರಡುವ ದಿನ ಬಾಣ್ಯಾ ಬೇಲಿಯಿದ್ದ ಗೆರೆಯ ತನಕ ಬಂದು ನಿಂತ. ನಾನಿಲ್ಲದಿದ್ದರೆ ಇವನನ್ನು ಯಾರು ದಾಟಿಸುತ್ತಾರೆ ಎಂದು ಅಪ್ಪನನ್ನು ಕೇಳಬೇಕೆಂದಿದ್ದೆ. ಬಸ್ಸಿನ ಹೊತ್ತಾಯಿತು, ಕೇಳಲಿಲ್ಲ. ನಾಯಿ ಮುಟ್ಟದ ಅಪ್ಪನಿಗೆ ಕೇಳುವಂಥ ಮಾತೂ ಅದಾಗಿರಲಿಲ್ಲ.

ದೀಪಾವಳಿಗೆ ಮುಂಜಾನೆಯ ಬಸ್ಸಿಗೆ ಬಂದೆ. ಬಂಡಿದಾರಿಯಲ್ಲಿ ನಡೆದು ಬರುತ್ತಿದ್ದಾಗ ಮನೆ ಕಂಡಿತು. ಜೋಳ ಬಿತ್ತಿದ ಹೊಲದಲ್ಲಿ ಎರಡೆಲೆ ಎದ್ದಿದ್ದವು. ಬೀರಪ್ಪ ಅಂಗಳದ ಹೊರಗೆ ಕೋಲೂರಿ ನಿಂತಿದ್ದ. ಮುಂದಿನ ರಾಶಿ ಮುಗಿದ ಮೇಲೆ ಕುರಿ ಕೂಡ್ರಿಸುವ ಮಾತಿಗೆ ಬಂದಿರಬೇಕು. ಅವನ ಎದುರಿಗೆ ಅಪ್ಪ. ಸ್ನಾನ, ಪೂಜೆ ಮುಗಿದಿತ್ತು, ಹಣೆಯ ವಿಭೂತಿ ಇನ್ನೂ ಹಸಿಯಿತ್ತು. ಎರಡೂ ತೋಳಿನಲ್ಲಿ ಬಾಣ್ಯಾನನ್ನು ಎತ್ತಿಕೊಂಡಿದ್ದ. ನಾಲ್ಕು ಉದ್ದ ಕಾಲು ನಾಲ್ಕು ಕಡೆ ಇಳಿಬಿದ್ದಿದ್ದವು. ಬಾಣ್ಯಾ ಯಾರ ಕಡೆಯೂ ನೋಡದೆ, ದಿನದ ಸವಾರಿಯವನಂತೆ ಗಂಭೀರವಾಗಿದ್ದ.

"ಏನ್ರಿ ಗೌಡ್ರ," ಎನ್ನುತ್ತಿದ್ದ ಬೀರಪ್ಪ. "ನಾವು ಕುರಿಮರಿ ಹೊರತೀವಿ. ನೀವು ನಾಯಿ ಹೊರಾಕ ಹತ್ತೀರಿ."

"ಏನ್ ಮಾಡೂದಪಾ," ಎಂದ ಅಪ್ಪ. "ನಿನಗ ಕೊಟ್ಟ ಮಾತು ಇದು ಇನ್ನೂ ಬಿಟ್ಟಿಲ್ಲ."

ಆಗ ನಾನು ಕಣ್ಣಿಗೆ ಬಿದ್ದೆ. ನಾಯಿಯನ್ನು ಇಳಿಸುತ್ತಾನೆ ಎಂದುಕೊಂಡೆ. ಇಳಿಸಲಿಲ್ಲ. ಇಳಿಬಿದ್ದ ಹಿಂಗಾಲಿನ ಕಡೆ ಗದ್ದದಿಂದ ತೋರಿಸಿದ.

"ನಿಂತೇನ್ ನೋಡ್ತಿ? ಆ ಕಡಿ ಹಿಡಿ. ಭಾಳ ವಜ್ಜಾ ಆಗ್ಯಾನ."

ನಾನು ಚೀಲ ಕೆಳಗಿಟ್ಟು ಹಿಂಗಾಲು ಹಿಡಿದೆ.